ಹುಕ್ಕಾ ಇದ್ದಿಲು ಹೊತ್ತಿಕೊಳ್ಳುತ್ತಲೇ ಇಲ್ಲ, ತಪ್ಪು ನನ್ನದಾ ಇದ್ದಿಲಿನದಾ?

ಮಳೆಗಾಲದ_ಮಾಣಿ (ತೀರ್ಥಹಳ್ಳಿ ಕಡೆ)
ಬೈಯುವವರು ಮೊದಲು ಪೂರ್ತಿ ಓದಿ, ಆಮೇಲೆ ಬೈಯಿರಿ.

ನಮ್ಮ ಬಾವ ಮಸ್ಕತ್‌ನಲ್ಲಿದ್ದಾರೆ. ಮೇ ತಿಂಗಳಲ್ಲಿ ರಜೆಗೆ ಬಂದಾಗ ಒಂದು ಹುಕ್ಕಾ ತಂದಿದ್ದರು. ಜೊತೆಗೆ ಒಂದು ಕೆಜಿ ತೆಂಗಿನ ಕರಟದ ಇದ್ದಿಲು. ಚೌಕ ಚೌಕ ತುಂಡು, ಎಣಿಸಿದರೆ 72 ಇತ್ತು. ವಾಪಸ್ ಹೋಗುವಾಗ ಲಗೇಜು ಜಾಸ್ತಿ ಆಯಿತು ಅಂತ ಎಲ್ಲವನ್ನೂ ಇಲ್ಲೇ ಬಿಟ್ಟು ಹೋದರು.

ಮೊನ್ನೆ ಭಾನುವಾರ ಬಿಡದೆ ಮಳೆ. ಅಪ್ಪ ಅಮ್ಮ ನೆಂಟರ ಮನೆಗೆ ಹೋಗಿದ್ದರು. ಇಬ್ಬರು ಗೆಳೆಯರು ಬಂದಿದ್ದರು, ನೋಡೇ ಬಿಡೋಣ ಅಂತ ಹೊರಟೆವು. ಗ್ಯಾಸ್ ಒಲೆ ಹಚ್ಚಿ ಬರ್ನರ್ ಮೇಲೇ ಮೂರು ತುಂಡು ಇಟ್ಟೆ. ಐದು ನಿಮಿಷ, ಏನಿಲ್ಲ. ಹತ್ತು ನಿಮಿಷ, ಮೂಲೆ ಸ್ವಲ್ಪ ಕೆಂಪು. ಆಮೇಲೆ ಟಪ್ ಅಂತ ಸಿಡಿದು ಒಂದು ಚೂರು ಚಾಪೆ ಮೇಲೆ ಬಿತ್ತು, ಚಾಪೆ ತೂತು. ಇಪ್ಪತ್ತು ನಿಮಿಷ ಕಾದು ಹುಕ್ಕಾ ಮೇಲೆ ಇಟ್ಟರೆ ಎರಡೇ ನಿಮಿಷಕ್ಕೆ ಕಪ್ಪು. ಬಾಯಲ್ಲಿ ಊದಿದೆ, ಬೂದಿ ಎಲ್ಲ ಕಣ್ಣಿಗೆ. ಗೆಳೆಯರು ನಕ್ಕು ನಕ್ಕು ಮಂಡಕ್ಕಿ ತಿಂದು ಮನೆಗೆ ಹೋದರು.

ಈಗ ಬರ್ನರ್ ತೂತಿನಲ್ಲೆಲ್ಲ ಕಪ್ಪು ಪುಡಿ ಕೂತಿದೆ. ಅಮ್ಮ ಇನ್ನೂ ನೋಡಿಲ್ಲ. ಬಾವನಿಗೆ ಫೋನ್ ಮಾಡಿದರೆ "ಅಲ್ಲಿ ಸರಿಯಾಗಿ ಹೊತ್ತುತ್ತಿತ್ತಲ್ಲೋ" ಅನ್ನುತ್ತಾರೆ. ಯಾರಿಗಾದರೂ ಗೊತ್ತಾ?

ಕಾಫಿ_ಕುಡುಕ (ಕೊಪ್ಪ)
ಮಲೆನಾಡಿನಲ್ಲಿ ಹುಕ್ಕಾ! ಹೊರಗೆ ಮಂಜು, ಒಳಗೂ ಮಂಜು ಬೇಕಾ ಮಾರಾಯ?

ಹೊಸನಗರ_ಹೈವೇ
ಇಂಡಕ್ಷನ್ ಒಲೆ ಮೇಲೆ ಇಡಿ. ಗ್ಯಾಸ್ ಹಾಳಾಗುವುದಿಲ್ಲ.

ಕುಲುಮೆ_ಮನೆ (ಸಾಗರ)
@ಹೊಸನಗರ_ಹೈವೇ ಅಣ್ಣ, ಇಂಡಕ್ಷನ್ ಮೇಲೆ ಇದ್ದಿಲು ಇಟ್ಟರೆ ಬೆಳಗಿನ ತನಕ ಕೂರಬೇಕು. ಅದು ಕಬ್ಬಿಣದ ತಳ ಇರುವ ಪಾತ್ರೆಯನ್ನು ಬಿಸಿ ಮಾಡುತ್ತದೆ, ಇದ್ದಿಲನ್ನಲ್ಲ. ಪಾತ್ರೆಗೆ ಹಾಕಿ ಇಟ್ಟರೆ ಪಾತ್ರೆ ಕೆಡುತ್ತದೆ, ಗಾಜು ಒಡೆದರೂ ಒಡೆಯಿತು. ದಯವಿಟ್ಟು ಯಾರೂ ಮಾಡಬೇಡಿ.

ಹೊಸನಗರ_ಹೈವೇ
ಸರಿ ಸರಿ. ನಾನು ಮಾಡಿ ನೋಡಿ ಹೇಳಿದ್ದಲ್ಲ.

ಸೊರಬದಕ್ಕ
ತಮ್ಮಾ, ಎರಡು ಪ್ರಶ್ನೆ. ಆ ಡಬ್ಬ ಮೇ ತಿಂಗಳಿಂದ ಎಲ್ಲಿತ್ತು? ಮುಚ್ಚಳ ಹಾಕಿತ್ತಾ?

ಮಳೆಗಾಲದ_ಮಾಣಿ
ಜಗಲಿ ಕಪಾಟಿನಲ್ಲಿ ಇತ್ತು ಅಕ್ಕ. ರಟ್ಟಿನ ಡಬ್ಬ. ಒಳಗಿನ ಪ್ಲಾಸ್ಟಿಕ್ ಬಾವ ಹರಿದಿದ್ದರು.

ಸೊರಬದಕ್ಕ
ಅಷ್ಟೇ. ಸಿಕ್ಕಿತಲ್ಲ ಕಳ್ಳ. ಜಗಲಿ ಕಪಾಟಿನಲ್ಲಿ ಆಷಾಢದಲ್ಲಿ ಚಪ್ಪಲಿಗೆ ಬೂಸ್ಟು ಬರುತ್ತದೆ. ಹಪ್ಪಳ ಇಟ್ಟರೆ ಬಟ್ಟೆ ಹಾಗೆ ಮಡಚಬಹುದು. ಅಂಥ ಜಾಗದಲ್ಲಿ ಎರಡು ತಿಂಗಳು ಇದ್ದಿಲು ಬಿಚ್ಚಿಟ್ಟು, ಈಗ ಹೊತ್ತುವುದಿಲ್ಲ ಅಂದರೆ? ನಿಮ್ಮ ಬಾವನ ಊರಿನಲ್ಲಿ ಮಳೆ ಎಷ್ಟು, ನಮ್ಮಲ್ಲಿ ಎಷ್ಟು! ಆಗುಂಬೆ ನಿಮ್ಮ ಪಕ್ಕದಲ್ಲೇ ಇದೆಯಲ್ಲ, ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತದೆ.

ರಿಟೈರ್ಡ್_ಮೇಷ್ಟ್ರು
ಸೊರಬದಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಕಾರಣ ಹೇಳುತ್ತೇನೆ, ಹಳೇ ಚಟ, ಸಹಿಸಿಕೊಳ್ಳಿ.

ಇದ್ದಿಲಿನ ಒಳಗೆಲ್ಲ ಕಣ್ಣಿಗೆ ಕಾಣದ ತೂತು. ಜೇನುಗೂಡಿನ ಹಾಗೆ ಅಂದುಕೊಳ್ಳಿ. ಅದಕ್ಕೇ ಅದು ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಫ್ರಿಜ್‌ನ ವಾಸನೆ ತೆಗೆಯಲು ಇಡುವುದೂ, ನೀರು ಶುದ್ಧ ಮಾಡಲು ಬಳಸುವುದೂ ಇದೇ ಗುಣಕ್ಕೆ. ಈಗ ಆ ತೇವದ ತುಂಡಿಗೆ ಬೆಂಕಿ ಕೊಟ್ಟಿರಿ. ಬಂದ ಶಾಖ ಮೊದಲು ನೀರನ್ನು ಓಡಿಸಬೇಕು, ಆಮೇಲೆ ಇದ್ದಿಲು ಕಾಯಬೇಕು. ಮೂಲೆ ಕೆಂಪಾಗಿ ನಡುವೆ ಕಪ್ಪು ಉಳಿದದ್ದು ಅದಕ್ಕೆ. ಟಪ್ ಅಂದದ್ದೂ ಅದಕ್ಕೇ. ಒಳಗಿನ ನೀರು ಹಬೆಯಾಗಿ ಹಿಗ್ಗಿತು, ಹೊರಗೆ ಬರಲು ದಾರಿ ಇಲ್ಲ, ಸಿಡಿಯಿತು.

ಇನ್ನೊಂದು ಮಾತು. ನಿಮ್ಮ ಬಳಿ ಇರುವುದು ಇಡೀ ಕರಟದ ಇದ್ದಿಲಲ್ಲ. ಕರಟದ ಇದ್ದಿಲನ್ನು ಪುಡಿ ಮಾಡಿ, ಗಂಜಿಯಂಥ ಪಿಷ್ಟ ಕಲಸಿ, ಅಚ್ಚಿನಲ್ಲಿ ಒತ್ತಿ ಒಣಗಿಸಿದ್ದು. ತುಂಬ ಗಟ್ಟಿ. ಗಟ್ಟಿ ಇರುವುದರಿಂದಲೇ ಹೊತ್ತಲು ನಿಧಾನ, ಹೊತ್ತಿದ ಮೇಲೆ ಒಂದು ಗಂಟೆ ಹತ್ತಿರ ಬಾಳುತ್ತದೆ. ನೆನೆದರೆ ಪಿಷ್ಟವೂ ಸಡಿಲ, ಮುಟ್ಟಿದರೆ ಪುಡಿ.

ದಮ್_ಬಿರಿಯಾನಿ (ಶಿವಮೊಗ್ಗ)
ಇಷ್ಟೆಲ್ಲ ಯಾಕೆ? ಕಡ್ಡಿ ಗೀರಿದರೆ ಹೊತ್ತುವ ಬಿಲ್ಲೆ ಸಿಗುತ್ತದೆ. ದುಂಡಗೆ, ನಡುವೆ ಗುಳಿ. ಸಾಂಬ್ರಾಣಿ ಹಾಕಲು ಪೂಜೆ ಅಂಗಡಿಯಲ್ಲೂ ಇಡುತ್ತಾರೆ. ಒಂದು ನಿಮಿಷದ ಕೆಲಸ.

ರಿಟೈರ್ಡ್_ಮೇಷ್ಟ್ರು
@ದಮ್_ಬಿರಿಯಾನಿ ಆ ಬಿಲ್ಲೆಯಲ್ಲಿ ಪಟಪಟ ಕಿಡಿ ಓಡುತ್ತದಲ್ಲ, ಅದು ಯಾವುದರಿಂದ ಗೊತ್ತಾ? ಪೆಟ್ಲುಪ್ಪು. ಪೊಟ್ಯಾಸಿಯಂ ನೈಟ್ರೇಟ್. ಪಟಾಕಿಗೆ ಹಾಕುವ ಅದೇ ಉಪ್ಪು. ದೇವರ ಮುಂದೆ ಧೂಪಕ್ಕೆ ಆದರೆ ಸರಿ, ಕಿಡಿ ನಿಂತು ಮೇಲೆ ಬೂದಿ ಬಣ್ಣ ಬಂದ ಮೇಲೆ ಸಾಂಬ್ರಾಣಿ ಹಾಕಿದರಾಯಿತು. ಆ ಹೊಗೆಯನ್ನು ಬೇಕಂತಲೇ ಎದೆಗೆ ಎಳೆದುಕೊಳ್ಳುವುದು ಬೇರೆ ಮಾತು.

ದಮ್_ಬಿರಿಯಾನಿ
ಮೇಷ್ಟ್ರೇ, ತಂಬಾಕಿನ ಹೊಗೆ ಎಳೆಯುವವನು ಪೆಟ್ಲುಪ್ಪಿಗೆ ಹೆದರುವುದು ನಗು ಬರುವ ವಿಷಯ ಅಲ್ವಾ?

ರಿಟೈರ್ಡ್_ಮೇಷ್ಟ್ರು
ಅದೂ ನಿಜ. ಒಪ್ಪಿದೆ.

ಕುಲುಮೆ_ಮನೆ
ನಾನು ಹುಕ್ಕಾ ಮುಟ್ಟಿದವನಲ್ಲ. ಆದರೆ ಅಜ್ಜ, ಅಪ್ಪ ಎಲ್ಲ ಕತ್ತಿ ಕುಡುಗೋಲು ಹದ ಮಾಡಿದವರು. ಇದ್ದಿಲಿಗೆ ಬೆಂಕಿ ಹಿಡಿಸುವುದು ನನಗೆ ಅಕ್ಷರಕ್ಕಿಂತ ಮೊದಲು ಬಂದ ವಿದ್ಯೆ. ಅದಕ್ಕೆ ಹೇಳುತ್ತೇನೆ.

ಇದ್ದಿಲಿಗೆ ಬೆಂಕಿ ಮೇಲಿನಿಂದ ಹಿಡಿಸುವುದಲ್ಲ, ಕೆಳಗಿನಿಂದ. ಗಾಳಿಯೂ ಕೆಳಗಿನಿಂದಲೇ ಬರಬೇಕು. ಕುಲುಮೆಯಲ್ಲಿ ತಿದಿಯ ಮೂತಿ ಇದ್ದಿಲಿನ ಬುಡದಲ್ಲಿ ಇರುವುದು ಸುಮ್ನೆ ಅಲ್ಲ. ನೀವು ಬರ್ನರ್ ಮೇಲೇ ಇಟ್ಟಿರಿ, ಅಲ್ಲಿ ತಪ್ಪಿತು. ಇದ್ದಿಲು ಬರ್ನರ್ ತೂತು ಮುಚ್ಚಿತು, ಉರಿಯೂ ಉಸಿರು ಕಟ್ಟಿತು, ಇದ್ದಿಲಿಗೂ ಗಾಳಿ ಇಲ್ಲ. ರೊಟ್ಟಿ, ಹಪ್ಪಳ ಸುಡುವ ತಂತಿ ಜಾಲರಿ ಇರುತ್ತದಲ್ಲ, ಅದನ್ನು ಒಲೆ ಮೇಲಿಟ್ಟು ಅದರ ಮೇಲೆ ತುಂಡು ಇಡಬೇಕು. ತುಂಡಿಗೆ ತುಂಡು ಮುಟ್ಟುವ ಹಾಗೆ ಒತ್ತಾಗಿ ಇಟ್ಟರೆ ಒಂದರ ಕಾವು ಇನ್ನೊಂದಕ್ಕೆ ಹೋಗುತ್ತದೆ. ಒಂಟಿ ಕೆಂಡ ಯಾವಾಗಲೂ ಬೇಗ ಆರುತ್ತದೆ.

ಇನ್ನೂ ಒಳ್ಳೆಯದು ಅಂದರೆ ಸುರುಳಿ ತಂತಿಯ ಕರೆಂಟ್ ಒಲೆ. ಹಾಸ್ಟೆಲ್ ಹುಡುಗರು ಕದ್ದು ಮ್ಯಾಗಿ ಮಾಡುತ್ತಿದ್ದರಲ್ಲ, ಅದೇ. ಹುಕ್ಕಾದವರು ಜಾಸ್ತಿ ಬಳಸುವುದೂ ಅದನ್ನೇ ಅಂತ ನಮ್ಮ ಅಂಗಡಿಗೆ ಬರುವ ಒಬ್ಬರು ಹೇಳಿದರು. ಒಣಗಿದ ತುಂಡು ಅದರ ಮೇಲೆ ಹತ್ತು ಹನ್ನೆರಡು ನಿಮಿಷ. ಅರ್ಧ ಹೊತ್ತು ಆದ ಮೇಲೆ ಇಕ್ಕಳದಲ್ಲಿ ಹಿಡಿದು ಮಗುಚಬೇಕು. ಆರೂ ಮುಖ ಕೆಂಪಾಗಬೇಕು, ಮೇಲೆ ತೆಳ್ಳಗೆ ಬೂದಿ ಕೂರಬೇಕು. ಒಂದು ಕಡೆ ಕಪ್ಪು ಉಳಿದರೂ ಅದು ಹದಕ್ಕೆ ಬಂದಿಲ್ಲ ಅಂತಲೇ ಲೆಕ್ಕ. ನೀವು ಅರ್ಧ ಕಪ್ಪು ಇರುವಾಗಲೇ ತೆಗೆದು ಇಟ್ಟಿರಿ, ಅದು ಆರದೆ ಇನ್ನೇನು ಮಾಡುತ್ತದೆ? ಅರೆಬೆಂದ ಇದ್ದಿಲು ಘಾಟು ಹೊಡೆಯುತ್ತದೆ, ತಲೆ ನೋವು ಬರುತ್ತದೆ.

ಬಾಯಲ್ಲಿ ಊದಬೇಡಿ. ಊದುಗೊಳವೆ ಇಲ್ಲವಾ ಮನೆಯಲ್ಲಿ?

ಮಳೆಗಾಲದ_ಮಾಣಿ
ಊದುಗೊಳವೆ ಇದೆ. ಬಚ್ಚಲ ಒಲೆ ಹತ್ತಿರ. ನೆನಪೇ ಆಗಲಿಲ್ಲ. ನಾಚಿಕೆ ಆಗುತ್ತಿದೆ.

ಗಾಂಧಿಬಜಾರ್
ಬಚ್ಚಲ ಒಲೆಯನ್ನೇ ಮನೆಯಲ್ಲಿ ಇಟ್ಟುಕೊಂಡು ಗ್ಯಾಸ್ ಮೇಲೆ ಇದ್ದಿಲು ಸುಟ್ಟ ಮೊದಲ ಮಲೆನಾಡಿಗ. ಸನ್ಮಾನ ಮಾಡಬೇಕು.

ನಿರ್ವಾಹಕ
ವಿಷಯ ಬೆಳೆಯುವ ಮೊದಲು ಒಂದು ಮಾತು ಎಲ್ಲರಿಗೂ. ಕರ್ನಾಟಕದಲ್ಲಿ ಫೆಬ್ರವರಿ 2024ರಿಂದ ಹುಕ್ಕಾ ನಿಷೇಧ ಇದೆ. ಮಾರಾಟ, ಸೇವನೆ, ಸಂಗ್ರಹ, ಜಾಹೀರಾತು ಎಲ್ಲ ಸೇರಿ. ತಂಬಾಕು ಇದ್ದರೂ ಇಲ್ಲದಿದ್ದರೂ. ಅದೇ ತಿಂಗಳು ವಿಧಾನಸಭೆಯಲ್ಲಿ ಮಸೂದೆಯೂ ಪಾಸಾಯಿತು. ಹುಕ್ಕಾ ಬಾರ್ ನಡೆಸಿದರೆ 1ರಿಂದ 3 ವರ್ಷ ಜೈಲು, 50 ಸಾವಿರದಿಂದ 1 ಲಕ್ಷದವರೆಗೆ ದಂಡ ಅಂತ ಅದರಲ್ಲಿದೆ. ಹುಕ್ಕಾ, ಅದರಲ್ಲಿ ಸೇದಲು ಹಾಕುವ ಮಸಾಲೆ ಎಲ್ಲಿ ಸಿಗುತ್ತದೆ ಅಂತ ಕೇಳುವ, ಹೇಳುವ ಪೋಸ್ಟ್ ತೆಗೆಯುತ್ತೇನೆ. ಇದ್ದಿಲಿನ ಬಗ್ಗೆ ಎಷ್ಟು ಬೇಕಾದರೂ ಮಾತಾಡಿ.

ದಮ್_ಬಿರಿಯಾನಿ
ಮನೆಯೊಳಗೆ ಸೇದಿದರೆ ಯಾರು ಬಂದು ನೋಡುತ್ತಾರೆ? ಬಾರ್‌ಗೆ ತಾನೇ ಇದು.

ಗಾಂಧಿಬಜಾರ್
ಯಾರೂ ನೋಡುವುದಿಲ್ಲ ಅನ್ನುವುದೂ ಕಾನೂನು ಬಿಡುತ್ತದೆ ಅನ್ನುವುದೂ ಬೇರೆ ಬೇರೆ. ಮೇಲೆ ನಿರ್ವಾಹಕರು ಸಂಗ್ರಹ ಅಂತಲೂ ಬರೆದಿದ್ದಾರೆ, ಓದಿ.

ಕಾಫಿ_ಕುಡುಕ
ನಿಷೇಧ ಹೊಸದೇನಲ್ಲ. ಜಹಾಂಗೀರ್ 1617ರಲ್ಲೇ ತಂಬಾಕು ಬೇಡ ಅಂತ ಆಜ್ಞೆ ಹೊರಡಿಸಿದ್ದ. ತಮಾಷೆ ಅಂದರೆ ಮೊಘಲ್ ದರ್ಬಾರಿಗೆ ತಂಬಾಕು ಹೋದದ್ದೇ ನಮ್ಮ ಬಿಜಾಪುರದಿಂದ. ಅಸದ್ ಬೇಗ್ ಅನ್ನುವ ರಾಯಭಾರಿ ಬಿಜಾಪುರಕ್ಕೆ ಬಂದವನು 1604ರ ಹೊತ್ತಿಗೆ ತಂಬಾಕು, ರತ್ನ ಕೂರಿಸಿದ ಕೊಳವೆ ಎಲ್ಲ ತೆಗೆದುಕೊಂಡು ಹೋಗಿ ಅಕ್ಬರನ ಮುಂದಿಟ್ಟ. ಅಕ್ಬರ್ ಒಂದೆರಡು ದಮ್ಮು ಎಳೆದ. ಆಸ್ಥಾನದ ವೈದ್ಯ ಬೇಡ ಅಂದ. ಅಲ್ಲಿಗೆ ಅಕ್ಬರ್ ಬಿಟ್ಟ, ದರ್ಬಾರಿನವರು ಹಿಡಿದುಕೊಂಡರು.

ಹಳೇನಗರ_ಭದ್ರಾವತಿ
ಹುಕ್ಕಾಕ್ಕೂ ಕರ್ನಾಟಕಕ್ಕೂ ಇನ್ನೊಂದು ನಂಟು ಇದೆ. ಬೀದರ್‌ನ ಬಿದ್ರಿ ಕೆಲಸ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಬೆಳ್ಳಿ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಹಚ್ಚಿ ಕಪ್ಪು ಮಾಡುತ್ತಾರಲ್ಲ. ಹಳೇ ಬಿದ್ರಿ ಸಾಮಾನು ಮ್ಯೂಸಿಯಂನಲ್ಲಿ ನೋಡಿದರೆ ಎಷ್ಟೊಂದು ಹುಕ್ಕಾದ ನೀರಿನ ಬುರುಡೆಗಳೇ. ಸೇದುವುದು ಬೇಡ, ನೋಡಲು ಮಾತ್ರ ಕಣ್ಣಿಗೆ ಹಬ್ಬ.

ಮಳೆಗಾಲದ_ಮಾಣಿ
ಬಾವ ತಂದದ್ದು ನೀಲಿ ಗಾಜಿನದು. ಅಮ್ಮ ಅದನ್ನು ಹೂದಾನಿ ಅಂದುಕೊಂಡಿದ್ದಾರೆ. ದಾಸವಾಳ ಇಟ್ಟಿದ್ದರು ಮೊನ್ನೆ.

ಸೊರಬದಕ್ಕ
ಅದೇ ಅದರ ಸರಿಯಾದ ಜಾಗ. ಹಾಗೇ ಬಿಡು.

ನೈಟ್_ಡ್ಯೂಟಿ
ನಾನು ನರ್ಸ್. ಊರು ಹೇಳುವುದಿಲ್ಲ, ಈ ಕಡೆಯೇ. ಇದ್ದಿಲಿನ ಮಾತು ಬಂತಲ್ಲ, ಒಂದು ವಿಷಯ ಹೇಳಲೇಬೇಕು.

ಕೆಲವು ವರ್ಷದ ಹಿಂದೆ ನಮ್ಮ ಹತ್ತಿರದವರ ಮನೆಯಲ್ಲೇ ಆದದ್ದು. ಜುಲೈ ತಿಂಗಳು, ಮೂರು ದಿನದಿಂದ ಕರೆಂಟ್ ಇಲ್ಲ. ಬಾಣಂತಿ ಮನೆ. ಕೋಣೆ ಬೆಚ್ಚಗಿರಲಿ, ಮಗುವಿನ ಬಟ್ಟೆ ಒಣಗಲಿ ಅಂತ ಅಗ್ಗಿಷ್ಟಿಕೆಗೆ ಕೆಂಡ ತುಂಬಿ ಒಳಗೆ ಇಟ್ಟರು. ಹೊಗೆ ಇಲ್ಲವಲ್ಲ, ಕೆಂಡ ತಾನೇ, ಏನೂ ಆಗುವುದಿಲ್ಲ ಅಂತ. ಗಾಳಿ ಬರುತ್ತದೆ ಅಂತ ಕಿಟಕಿ ಸಂದಿಗೂ ಬಟ್ಟೆ ತುರುಕಿದರು. ರಾತ್ರಿ ಎರಡು ಗಂಟೆಗೆ ಅಜ್ಜಿಗೆ ಎಚ್ಚರ ಆಯಿತು. ತಲೆ ಒಡೆದು ಹೋಗುವಷ್ಟು ನೋವು. ಎದ್ದು ನಿಂತರೆ ಕಾಲು ನಿಲ್ಲುವುದಿಲ್ಲ. ಅಜ್ಜಿ ತೆವಳಿಕೊಂಡು ಹೋಗಿ ಬಾಗಿಲು ತೆಗೆದರು. ಅದರಿಂದ ಎಲ್ಲರೂ ಉಳಿದರು. ಬಾಣಂತಿಗೆ ವಾಂತಿ, ಮಗು ಜೋಲು ಬಿದ್ದಿತ್ತು. ಆಸ್ಪತ್ರೆಗೆ ತಂದು ಆಮ್ಲಜನಕ ಕೊಟ್ಟ ಮೇಲೆ ಸುಧಾರಿಸಿತು.

ಅದು ಕಾರ್ಬನ್ ಮೊನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟುತ್ತದೆ. ಸೌದೆ ಹೊಗೆ ಆದರೆ ಕೆಮ್ಮು ಬಂದು ಎಬ್ಬಿಸುತ್ತದೆ. ಕೆಂಡ ಎಬ್ಬಿಸುವುದಿಲ್ಲ, ಮಲಗಿಸುತ್ತದೆ.

ಆದ್ದರಿಂದ ಇದ್ದಿಲು ಹಚ್ಚುವುದು ಹುಕ್ಕಾಕ್ಕಾದರೂ, ಸಾಂಬ್ರಾಣಿಗಾದರೂ, ಬದನೆಕಾಯಿ ಸುಡಲಿಕ್ಕಾದರೂ ಕಿಟಕಿ ಬಾಗಿಲು ತೆಗೆದಿರಲಿ. ಯಾರಿಗಾದರೂ ತಲೆ ಸುತ್ತಿದರೆ ಮೊದಲು ಹೊರಗೆ ಗಾಳಿಗೆ ಕರೆದುಕೊಂಡು ಬನ್ನಿ, ಆಮೇಲೆ ಆಸ್ಪತ್ರೆ. ಮಜ್ಜಿಗೆ ಕುಡಿಸುತ್ತಾ ಅಲ್ಲೇ ಕೂರಬೇಡಿ.

ಹೊಸನಗರ_ಹೈವೇ
ಅಬ್ಬಾ. ನಮ್ಮ ಮನೆಯಲ್ಲೂ ಮಳೆಗಾಲದಲ್ಲಿ ಹೊಡಸಲು, ಅಂದರೆ ಬಟ್ಟೆ ಒಣಗಿಸುವ ಬೆಂಕಿ, ಹಾಕುತ್ತಿದ್ದರು. ಆದರೆ ಅದು ಹಿಂದಿನ ಕೊಟ್ಟಿಗೆ ಪಕ್ಕ, ಅರ್ಧ ತೆರೆದ ಜಾಗ. ಹಂಚಿನ ಮಾಡು. ಹೊಗೆ ಹಂಚಿನ ಸಂದಿಯಲ್ಲೇ ಹೋಗುತ್ತಿತ್ತು. ಈಗ ಎಲ್ಲ ಆರ್‌ಸಿಸಿ ಮನೆ, ಒಂದು ಸಂದಿ ಇಲ್ಲ.

ನೈಟ್_ಡ್ಯೂಟಿ
ಹೌದು. ಹಳೇ ಮನೆಯ ಅಭ್ಯಾಸ ಹೊಸ ಮನೆಗೆ ತಂದರೆ ಆಗುವುದೇ ಇದು.

ದಮ್_ಬಿರಿಯಾನಿ
ಹುಕ್ಕಾದಲ್ಲಿ ನೀರು ಇರುತ್ತದಲ್ಲ. ಹೊಗೆ ನೀರಿನಲ್ಲಿ ತೊಳೆದು ಬರುತ್ತದೆ. ಸಿಗರೇಟಿಗಿಂತ ವಾಸಿ ಅಂತ ಎಲ್ಲರೂ ಹೇಳುತ್ತಾರೆ.

ರಿಟೈರ್ಡ್_ಮೇಷ್ಟ್ರು
ಎಲ್ಲರೂ ಹೇಳುವುದು ಎಲ್ಲರೂ ಸೇದುವವರು, ಅದಕ್ಕೆ. ನೀರು ಹೊಗೆಯನ್ನು ತಣ್ಣಗೆ ಮಾಡುತ್ತದೆ. ಗಂಟಲು ಉರಿಯುವುದಿಲ್ಲ, ಜಾಸ್ತಿ ಎಳೆಯುತ್ತೀರಿ. ಕಾರ್ಬನ್ ಮೊನಾಕ್ಸೈಡ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಗುಳುಗುಳು ಅಂತ ದಾಟಿ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಹೇಳಿದೆ, ಒಂದು ಗಂಟೆ ಹುಕ್ಕಾ ಎಳೆದರೆ ಒಂದು ಸಿಗರೇಟಿನ 100ರಿಂದ 200 ಪಟ್ಟು ಹೊಗೆ ಒಳಗೆ ಹೋಗುತ್ತದೆ ಅಂತ. ತಂಬಾಕಿಲ್ಲದ ಗಿಡಮೂಲಿಕೆ ಮಸಾಲೆ ಹಾಕಿದರೂ ಇದ್ದಿಲು ಇದ್ದಿಲೇ ಅಲ್ವಾ. ಈ ವಿಷ ಜಾಸ್ತಿ ಬರುವುದೇ ಅದರಿಂದ.

ದಮ್_ಬಿರಿಯಾನಿ
ಹೂಂ. ನನ್ನ ಹೆಸರು ನೋಡಿ ಯಾರೂ ಸೇದುವವನು ಅಂದುಕೊಳ್ಳಬೇಡಿ. ಬಿರಿಯಾನಿಗೆ ದಮ್ ಕೊಡುವಾಗ ಮುಚ್ಚಳದ ಮೇಲೆ ಕೆಂಡ ಹಾಕುತ್ತೇನೆ, ಅಷ್ಟೇ. ಅದೂ ಅಂಗಳದಲ್ಲಿ.

ಗಾಂಧಿಬಜಾರ್
ಬಿರಿಯಾನಿ ರೆಸಿಪಿ ಹಾಕಿ, ಎಲ್ಲ ಮಾಫಿ.

ಹಳೇನಗರ_ಭದ್ರಾವತಿ
ಇದ್ದಿಲು ಅಂದರೆ ನಮ್ಮ ಭದ್ರಾವತಿ ಬಿಟ್ಟು ಮಾತಾಡುವುದು ಹೇಗೆ? ಸ್ವಲ್ಪ ದಾರಿ ತಪ್ಪುತ್ತೇನೆ.

ಇಲ್ಲಿನ ಕಬ್ಬಿಣದ ಕಾರ್ಖಾನೆ ಶುರುವಾದದ್ದು 1923ರ ಜನವರಿಯಲ್ಲಿ. ಮೊದಲ ಹೆಸರೇ ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಸೌದೆ ಮೊದಲು, ಕಬ್ಬಿಣ ಆಮೇಲೆ, ಹೆಸರಿನಲ್ಲೇ ಇದೆ ನೋಡಿ. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. ಅದಿರು ಕೆಮ್ಮಣ್ಣುಗುಂಡಿಯಲ್ಲಿ ಇತ್ತು, ಕಾಡು ಸುತ್ತ ಇತ್ತು. ಹಾಗಾಗಿ ಮಲೆನಾಡಿನ ಮರ ಕಡಿದು ಇದ್ದಿಲು ಮಾಡಿ, ಆ ಇದ್ದಿಲಿನಲ್ಲೇ ಕುಲುಮೆ ಉರಿಸಿ ಕಬ್ಬಿಣ ಕರಗಿಸಿದರು. ಮರವನ್ನು ಗಾಳಿ ಇಲ್ಲದ ಕಡೆ ಕಾಯಿಸುವಾಗ ಬರುವ ಹೊಗೆಯನ್ನೂ ಬಿಡಲಿಲ್ಲ. ತಣಿಸಿ ಮೆಥನಾಲ್, ಅಸಿಟೇಟ್, ಡಾಂಬರು ತೆಗೆದರು. ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿ ಅಧ್ಯಕ್ಷರಾಗಿದ್ದರು, ಒಂದು ಕಡ್ಡಿ ಹಾಳಾಗಲು ಬಿಡುತ್ತಿದ್ದರಾ! ಆಮೇಲೆ 1948ರಲ್ಲಿ ಜೋಗದ ಕರೆಂಟ್ ಬಂತು, ವಿದ್ಯುತ್ ಕುಲುಮೆಯೂ ಬಂತು.

ನಮ್ಮ ತಾತ ಹೇಳುತ್ತಿದ್ದರು, ಇದ್ದಿಲು ಕಬ್ಬಿಣದಲ್ಲಿ ಗಂಧಕ ಇರುವುದಿಲ್ಲ, ಅದಕ್ಕೇ ಒಳ್ಳೆಯದು ಅಂತ. ಆಗ ನನಗೆ ಗಂಧಕ ಅಂದರೆ ಪಟಾಕಿ ಅಂತ ಮಾತ್ರ ಗೊತ್ತು.

ಕುಲುಮೆ_ಮನೆ
ತಾತ ಸರಿ ಹೇಳಿದ್ದಾರೆ. ಕಲ್ಲಿದ್ದಲಿನಲ್ಲಿ ಗಂಧಕ ಇರುತ್ತದೆ, ಕಬ್ಬಿಣಕ್ಕೆ ಸೇರಿದರೆ ಕಾಸಿ ಬಡಿಯುವಾಗ ಬಿರುಕು ಬಿಡುತ್ತದೆ. ಮರದ ಇದ್ದಿಲಿನಲ್ಲಿ ಆ ಕಾಟ ಇಲ್ಲ.

ಕಾಫಿ_ಕುಡುಕ
ಒಳ್ಳೆಯ ಕಬ್ಬಿಣ ಬಂತು, ಸರಿ. ಕಾಡು ಎಷ್ಟು ಹೋಯಿತು ಅಂತಲೂ ಹೇಳಿ. ಈಗ ಗುಡ್ಡ ಗುಡ್ಡವೇ ಅಕೇಶಿಯಾ ನೆಡುತೋಪು.

ಹಳೇನಗರ_ಭದ್ರಾವತಿ
ಎರಡನ್ನೂ ಹೇಳಬೇಕು, ನಿಜ. ಆದರೆ ಅಕೇಶಿಯಾ ಕಥೆಯನ್ನು ಕಬ್ಬಿಣದ ತಲೆಗೆ ಕಟ್ಟಬೇಡಿ. ಅದು ಆಮೇಲಿನದು.

ಕಾಫಿ_ಕುಡುಕ
ಬೇರೆ ಚರ್ಚೆ ಶುರು ಮಾಡೋಣ, ಇಲ್ಲಿ ಜಗಳ ಬೇಡ. ಇನ್ನೊಂದು ಕಾಫಿ ಆಗಲಿ.

ತಿಪಟೂರಿನ_ಸೊಸೆ (ರಿಪ್ಪನ್‌ಪೇಟೆ)
ನಾನು ತೆಂಗಿನ ಸೀಮೆಯಿಂದ ಅಡಿಕೆ ಸೀಮೆಗೆ ಮದುವೆಯಾಗಿ ಬಂದವಳು. ಡಬ್ಬ ಖಾಲಿ ಆದರೆ ಹೊಸದು ತರಿಸಬೇಡಿ, ಕರಟದ ಇದ್ದಿಲು ಮನೆಯಲ್ಲೇ ಆಗುತ್ತದೆ. ಹುಕ್ಕಾಕ್ಕೆ ಅಲ್ಲ. ಸಾಂಬ್ರಾಣಿಗೆ, ಇಸ್ತ್ರಿಗೆ, ಅಡುಗೆಗೆ.

ನಮ್ಮ ತವರಿನಲ್ಲಿ ಹಿತ್ತಲಲ್ಲಿ ಸೊಂಟದಷ್ಟು ಆಳದ ಗುಂಡಿ ಇತ್ತು. ಇಲ್ಲಿ ನಾನು ಹಳೇ ಎಣ್ಣೆ ಡ್ರಮ್ ಇಟ್ಟುಕೊಂಡಿದ್ದೇನೆ. ಕರಟ ಚೆನ್ನಾಗಿ ಒಣಗಿರಬೇಕು, ನಾರು ಇರಬಾರದು. ನಾರು ಇದ್ದರೆ ಹೊಗೆ ಜಾಸ್ತಿ, ಬೂದಿ ಜಾಸ್ತಿ. ತಳದಲ್ಲಿ ಸ್ವಲ್ಪ ಕರಟಕ್ಕೆ ಬೆಂಕಿ ಹಚ್ಚಿ, ಅದು ಹಿಡಿದ ಮೇಲೆ ಮೇಲೆ ಮೇಲೆ ಹಾಕುತ್ತಾ ಹೋಗಬೇಕು. ಒಮ್ಮೆಲೇ ತುಂಬಿಸಿದರೆ ಆರಿ ಹೋಗುತ್ತದೆ. ಮೊದಲು ದಪ್ಪ ಬಿಳಿ ಹೊಗೆ ಬರುತ್ತದೆ, ಅದು ನೀರು ಹೋಗುವುದು. ಆಮೇಲೆ ಹಳದಿ ಛಾಯೆಯ ಘಾಟು ಹೊಗೆ. ಹೊಗೆ ತೆಳುವಾಗಿ, ತುಸು ನೀಲಿಯಾಗಿ, ಹೆಚ್ಚು ಕಡಿಮೆ ಕಾಣದ ಹಾಗೆ ಆದಾಗ ಮುಚ್ಚಳ ಹಾಕಿ ಸುತ್ತ ಒದ್ದೆ ಮಣ್ಣು ಮೆತ್ತಿ ಬಿಡಬೇಕು. ಗಾಳಿ ಒಂದಿಷ್ಟೂ ಹೋಗಬಾರದು. ಬೇಗ ಮುಚ್ಚಿದರೆ ಅರೆಬೆಂದು ಹೊಗೆ ಕಾರುತ್ತದೆ, ತಡವಾದರೆ ಬೂದಿ. ಆ ಹದ ಕೈಗೆ ಬರಲು ನನಗೆ ಮೂರು ಸಲ ಬೇಕಾಯಿತು. ಮರುದಿನ ತಣ್ಣಗಾದ ಮೇಲೆ ತೆಗೆಯಬೇಕು. ಸರಿಯಾಗಿ ಬೆಂದದ್ದನ್ನು ಬೆರಳಲ್ಲಿ ಮುರಿದರೆ ಗಾಜು ಮುರಿದ ಹಾಗೆ ಟಿಣ್ ಅನ್ನುತ್ತದೆ, ಮುರಿದ ಕಡೆ ಹೊಳೆಯುತ್ತದೆ. ಹತ್ತು ಕೆಜಿ ಕರಟಕ್ಕೆ ಎರಡೂವರೆ ಮೂರು ಕೆಜಿ ಇದ್ದಿಲು.

ಹೊಸನಗರ_ಹೈವೇ
ಅಷ್ಟು ಹೊತ್ತು ಯಾಕೆ ಕಾಯಬೇಕು? ನೀರು ಹೊಯ್ದು ಆರಿಸಿದರೆ ಆಯಿತಲ್ಲ.

ತಿಪಟೂರಿನ_ಸೊಸೆ
ಅಯ್ಯೋ ಅಣ್ಣ, ಈ ಚರ್ಚೆ ಶುರುವಾದದ್ದೇ ಇದ್ದಿಲು ನೆನೆದು! ನೀರು ಹೊಯ್ದರೆ ಮತ್ತೆ ಒಣಗಿಸಬೇಕು. ಬಿಸಿ ಇರುವಾಗ ಹೊಯ್ದರೆ ಬಿರುಕು ಬಿಟ್ಟು ಪುಡಿಯಾಗುತ್ತದೆ.

ಹೊಸನಗರ_ಹೈವೇ
ಇವತ್ತು ನನ್ನ ದಿನ ಅಲ್ಲ.

ಗಾಂಧಿಬಜಾರ್
ಕರಟ ಸರಿ. ಆದರೆ ಇದನ್ನು ನೋಡಿ ಯಾರೂ ಕಾಡಿಗೆ ಹೋಗಿ ಮರ ಸುಟ್ಟು ಇದ್ದಿಲು ಮಾಡಬೇಡಿ. ಇದ್ದಿಲೂ ಅರಣ್ಯ ಉತ್ಪನ್ನದ ಲೆಕ್ಕಕ್ಕೆ ಬರುತ್ತದೆ. ಸಾಗಿಸಲೂ ಪರವಾನಗಿ ಕೇಳುತ್ತಾರೆ.

ಸೊರಬದಕ್ಕ
ಒಣಗಿಸುವುದು ಹೇಗೆ ಅಂತ ಯಾರೂ ಹೇಳಲೇ ಇಲ್ಲವಲ್ಲ, ಎಲ್ಲರೂ ಅಕ್ಬರ್, ವಿಶ್ವೇಶ್ವರಯ್ಯ ಅಂತ ಹೊರಟರಿ.

ಮಾಣಿ, ಈಗ ಬಿಸಿಲಿಗೆ ಕಾಯಬೇಡ, ನವರಾತ್ರಿ ತನಕ ಕೂರಬೇಕಾಗುತ್ತದೆ. ನಿಮ್ಮ ಬಚ್ಚಲ ಒಲೆ ಮೇಲೆ ಅಟ್ಟ ಇದೆಯಾ? ಅಲ್ಲಿ ಬಿದಿರು ತಟ್ಟೆಯಲ್ಲೋ ಮೊರದಲ್ಲೋ ಹರಡಿ ಇಡು. ಮೂರು ನಾಲ್ಕು ದಿನ. ನಮ್ಮ ಕಡೆ ಮಳೆಗಾಲದ ಸೌದೆ, ಬಿತ್ತನೆ ಬೀಜ, ವಾಟೆಹುಳಿ, ಎಲ್ಲದಕ್ಕೂ ಅದೇ ಜಾಗ. ಹೊಗೆ ತಾಗಿದರೂ ಇದ್ದಿಲಿಗೇನು, ಅದಕ್ಕೆ ಮೈ ಕಪ್ಪಾಗುವ ಭಯ ಇಲ್ಲ. ಒಣಗಿದ ಮೇಲೆ ಗಾಳಿ ಹೋಗದ ಸ್ಟೀಲ್ ಡಬ್ಬಿಗೆ ಹಾಕು. ತಳಕ್ಕೆ ಒಂದು ಹಿಡಿ ಹುರಿದ ಅಕ್ಕಿ ಹಾಕಿದರೆ ಮಿಕ್ಕ ತೇವ ಅದು ಎಳೆದುಕೊಳ್ಳುತ್ತದೆ.

ಇನ್ನೊಂದು. ನಮ್ಮ ಅಜ್ಜಿ ಬೆಂಕಿಪೊಟ್ಟಣ ಮುಟ್ಟಿದ್ದು ನಾನು ನೋಡಿದ್ದೇ ಕಡಿಮೆ. ರಾತ್ರಿ ಮಲಗುವ ಮೊದಲು ಒಲೆಯ ದೊಡ್ಡ ಕೆಂಡ ಎರಡನ್ನು ಬೂದಿಯಲ್ಲಿ ಹೂತಿಡುತ್ತಿದ್ದರು. ಬೆಳಿಗ್ಗೆ ಐದಕ್ಕೆ ಬೂದಿ ಸರಿಸಿ, ಒಣ ಸೋಗೆಯ ಚೂರು ಇಟ್ಟು ಊದುಗೊಳವೆಯಲ್ಲಿ ಎರಡು ಸಲ ಊದಿದರೆ ಉರಿ. ಆರಿ ಹೋಗಿದ್ದರೆ ನನ್ನನ್ನು ಪಕ್ಕದ ಮನೆಗೆ ಓಡಿಸುತ್ತಿದ್ದರು, ಕರಟದಲ್ಲಿ ಕೆಂಡ ತರಲು. ಆ ಮನೆಯವರು "ನಿಮ್ಮಜ್ಜಿ ಇವತ್ತೂ ಬೇಗ ಮಲಗಿದಳಾ?" ಅಂತ ಕೇಳುವರು. ಅಜ್ಜಿಗೆ ಅದೇ ದೊಡ್ಡ ಅವಮಾನ.

ನೈಟ್_ಡ್ಯೂಟಿ
ಬೂದಿಯೊಳಗಿನ ಕೆಂಡ ಬೆಳಗಿನ ತನಕ ಬದುಕಿರುತ್ತದೆ ಅನ್ನುವುದು ಒಳ್ಳೆಯದಕ್ಕೂ ಹೌದು, ಕೆಟ್ಟದ್ದಕ್ಕೂ ಹೌದು. ಆರಿದೆ ಅಂತ ಬೂದಿಯನ್ನು ಪ್ಲಾಸ್ಟಿಕ್ ಬುಟ್ಟಿಗೆ ಸುರಿದವರನ್ನು ನೋಡಿದ್ದೇನೆ.

ದಮ್_ಬಿರಿಯಾನಿ
ನಾನೇ. ಹಸಿರು ಬುಟ್ಟಿ. ತಳ ಕರಗಿ ಮೊಸಾಯಿಕ್‌ಗೆ ಅಂಟಿತು. ಇನ್ನೂ ಕಲೆ ಹೋಗಿಲ್ಲ, ಅದರ ಮೇಲೆ ಕಾಲೊರೆಸು ಹಾಕಿದ್ದೇವೆ.

ಕುಲುಮೆ_ಮನೆ
ಉಳಿದ ಕೆಂಡಕ್ಕೆ ಮಣ್ಣಿನ ಮಡಕೆ, ಬಿಗಿ ಮುಚ್ಚಳ. ಆರಿದ ತುಂಡನ್ನು ಮತ್ತೆ ಬಳಸಬಹುದು. ಒಮ್ಮೆ ಕೆಂಡವಾದದ್ದು ಎರಡನೇ ಸಲ ಬೇಗ ಹಿಡಿಯುತ್ತದೆ.

ಮಳೆಗಾಲದ_ಮಾಣಿ (ಆರು ದಿನದ ನಂತರ)
ವರದಿ ಒಪ್ಪಿಸುತ್ತಿದ್ದೇನೆ.

ಅಟ್ಟದ ಮೇಲೆ ನಾಲ್ಕು ದಿನ ಇಟ್ಟೆ. ಇಡುವ ಮೊದಲು ಹತ್ತು ತುಂಡನ್ನು ಅಡಿಗೆಮನೆ ತಕ್ಕಡಿಯಲ್ಲಿ ತೂಗಿದ್ದೆ, ತೆಗೆದ ಮೇಲೆ ಮತ್ತೆ ತೂಗಿದೆ. ತೂಕ ಇಳಿದಿತ್ತು! ಮೇಷ್ಟ್ರಿಗೆ ಖುಷಿಯಾಗಲಿ ಅಂತ ಮಾಡಿದ್ದು. ನಿನ್ನೆ ಮೂರು ತುಂಡನ್ನು ಜಾಲರಿ ಮೇಲಿಟ್ಟು ಬಚ್ಚಲ ಒಲೆಯ ಬಾಯಲ್ಲಿ ಹಿಡಿಸಿದೆ. ಟಪ್ ಇಲ್ಲ, ಟುಪ್ ಇಲ್ಲ. ಹನ್ನೊಂದು ನಿಮಿಷಕ್ಕೆ ಆರೂ ಮುಖ ದಾಳಿಂಬೆ ಬಣ್ಣ.

ಹುಕ್ಕಾ ಮಾತ್ರ ಆಗಲಿಲ್ಲ. ನೈಟ್_ಡ್ಯೂಟಿ ಅಕ್ಕ ಬರೆದದ್ದನ್ನು ಓದಿದ ಮೇಲೆ ನನಗೇ ಮನಸ್ಸಾಗಲಿಲ್ಲ. ಗೆಳೆಯರು ಹೇಡಿ ಅಂದರು, ಅನ್ನಲಿ. ಕೊಳವೆ, ಬಟ್ಟಲು ಎಲ್ಲ ಕಟ್ಟಿಟ್ಟಿದ್ದೇನೆ, ಬಾವ ಮುಂದಿನ ಸಲ ಬಂದಾಗ ತೆಗೆದುಕೊಂಡು ಹೋಗಲಿ. ಬುರುಡೆಯಲ್ಲಿ ದಾಸವಾಳ ಇದೆ.

ಆ ಮೂರು ಕೆಂಡದಲ್ಲಿ ಎರಡು ಗುಂಡು ಬದನೆಕಾಯಿ ಸುಟ್ಟೆವು. ಅಮ್ಮ ಗೊಜ್ಜು ಮಾಡಿದರು, ಸೂಜಿಮೆಣಸು ಹಾಕಿ. ಕೊನೆಯ ಕೆಂಡ ಸಾಂಬ್ರಾಣಿಗೆ ಹೋಯಿತು. ಇದು ಎಷ್ಟು ಚೆನ್ನಾಗಿ ಹೊತ್ತುತ್ತದೆ, ಎಲ್ಲಿಂದ ತಂದೆ ಅಂತ ಅಮ್ಮ ಕೇಳಿದರು. ಬಾವ ತಂದ ಸಾಂಬ್ರಾಣಿ ಇದ್ದಿಲು ಅಂದೆ.

ಗಾಂಧಿಬಜಾರ್
ಬರ್ನರ್ ವಿಷಯ?

ಮಳೆಗಾಲದ_ಮಾಣಿ
ಬಿಚ್ಚಿ ಬಿಸಿನೀರಿನಲ್ಲಿ ನೆನೆಸಿ, ಸೂಜಿಯಲ್ಲಿ ಒಂದೊಂದೇ ತೂತು ಬಿಡಿಸಿದೆ. ಎರಡು ಗಂಟೆ ಹಿಡಿಯಿತು. ಅಮ್ಮನಿಗೆ ಗೊತ್ತಾಗಿಲ್ಲ. ಚಾಪೆ ತೂತಿನ ಮೇಲೆ ಬೆಕ್ಕು ಮಲಗುತ್ತದೆ, ಸದ್ಯಕ್ಕೆ ಬಚಾವ್.

ಸೊರಬದಕ್ಕ
66 ತುಂಡು ಉಳಿದಿರಬೇಕಲ್ಲ. ಶ್ರಾವಣಕ್ಕೆ ಈ ಕಡೆ ಬರುವಾಗ ಒಂದು ಹತ್ತು ತೆಗೆದುಕೊಂಡು ಬಾ ತಮ್ಮಾ. ಸ್ಟೀಲ್ ಡಬ್ಬಿಯಲ್ಲಿ.